ನಿಂಬೆ ಗಿಡದ ಬುಡದ ಬಾಚಣಿಗೆ

ಒಮಾನಿನ ಸಹಮ್‌ನಲ್ಲಿ ನಾವು ಬಾಡಿಗೆಗಿದ್ದದ್ದು ಮಣ್ಣಿನ ಇಟ್ಟಿಗೆಯ ಹಳೇ ಮನೆಯಲ್ಲಿ. ಅದರ ಒಡತಿ ಒಬ್ಬ ಬಲೂಚಿ ಮುದುಕಿ. ಮಗ ಎದುರಿಗೇ ಸಿಮೆಂಟಿನ ಮನೆ ಕಟ್ಟಿಸಿದ ಮೇಲೆ ಹಳೆಯದನ್ನು ನಮಗೆ ಬಿಟ್ಟುಕೊಟ್ಟಿದ್ದಳು. ಆ ಓಣಿಯ ಕಥೆಯೆಲ್ಲ ಹಾಗೆಯೇ. ಅಲ್ಲಿಯವರು ಹೊಸ ಮನೆಗಳಿಗೆ ಹೋದರು, ಅವರು ಬಿಟ್ಟ ಗೋಡೆಗಳೊಳಗೆ ನಾವು ಬಂದು ಸೇರಿಕೊಂಡೆವು. ಎಂಬತ್ತರ ದಶಕದ ಮಾತು ಇದು. ನಾನು ತೋಟದ ಪಂಪುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದೆ. ಅಂಗಡಿಯ ಒಡೆಯನೇ ನನ್ನ ಕಫೀಲ್, ವೀಸಾ ಕೊಡಿಸಿದವನು. ನನ್ನ ಹೆಂಡತಿ ಸೋಹಾರ್‌ನ ಸಣ್ಣದೊಂದು ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ.

ಅವಳಿಗೆ ಎಂ.ಎ. ಮಾಡಬೇಕೆಂದು ಆಸೆ. ಊರಿನಿಂದ ಅಂಚೆಯಲ್ಲಿ ಪಾಠದ ಪುಸ್ತಕಗಳು ಬರುತ್ತಿದ್ದವು, ತೆಳು ಕಾಗದ, ಮಸುಕು ಅಚ್ಚು. ಅದರಲ್ಲೊಂದು ಇಂಗ್ಲೆಂಡಿನ ಚರಿತ್ರೆ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವನು ನಾನು. ಆದರೂ ಸಂಜೆ ಅವಳು ಅಡುಗೆ ಮಾಡುವಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದು.

"ರೋಮನರು ಹೋದ ಮೇಲೆ ಬ್ರಿಟನ್ನಿಗೆ ಬಂದವರು ಯಾರು?"

"ಆಂಗಲ್ಸ್, ಸ್ಯಾಕ್ಸನ್ಸ್, ಜೂಟ್ಸ್."

"ಯಾಕೆ ಬಂದರು?"

"ಯಾಕೆ ಅಂದರೆ ಎಂತ ಹೇಳುವುದು ಮಾರಾಯ್ರೆ. ಅಲ್ಲಿಯವರೇ ಕರೆದರು. ನಮ್ಮ ಸೈನ್ಯ ಹೋಯಿತು, ಕಾವಲಿಗೆ ಜನ ಬೇಕು, ಸಂಬಳ ಕೊಡ್ತೇವೆ ಬನ್ನಿ ಅಂದರು. ಇವರೂ ನಿಮ್ಮ ಹಾಗೆ ಕಾಂಟ್ರಾಕ್ಟಿಗೆ ಬಂದವರೇ. ವೀಸಾ ಮುಗಿದ ಮೇಲೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ."

"ಇದನ್ನು ಪರೀಕ್ಷೆಯಲ್ಲಿ ಬರಿ, ಹದಿನೈದಕ್ಕೆ ಹದಿನೈದು ಬರ್ತದೆ."

"ನಿಮ್ಮ ಕಫೀಲ್ ಪೇಪರ್ ನೋಡುವುದಾದರೆ ಸೊನ್ನೆ ಬರ್ತದೆ," ಎಂದು ನಕ್ಕಳು.

ಆಮೇಲೆ ಏಳು ರಾಜ್ಯಗಳು. ಕೆಂಟ್, ಸಸೆಕ್ಸ್, ಎಸೆಕ್ಸ್, ವೆಸೆಕ್ಸ್, ಈಸ್ಟ್ ಆಂಗ್ಲಿಯಾ, ಮರ್ಸಿಯಾ, ನಾರ್ಥಂಬ್ರಿಯಾ. ಅವಳು ಒಂದೇ ಉಸಿರಿಗೆ ಹೇಳುತ್ತಿದ್ದಳು. ಸೋಹಾರ್‌ಗೆ ಹೋಗುವ ಟ್ಯಾಕ್ಸಿಯಲ್ಲಿ ಬೆರಳು ಮಡಿಸುತ್ತಾ ಹೇಳಿಕೊಳ್ಳುತ್ತಿದ್ದುದರಿಂದ, ಪಕ್ಕದಲ್ಲಿ ಕೂತವರು ಮಂತ್ರ ಎಂದುಕೊಂಡು ಸುಮ್ಮನಾಗುತ್ತಿದ್ದರಂತೆ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಜನ ಸತ್ತವರನ್ನು ಏನು ಮಾಡುತ್ತಿದ್ದರು ಎಂಬ ಪುಟ. ರೋಮನರ ಕಲ್ಲಿನ ಮನೆಗಳು ಖಾಲಿ ಬಿದ್ದಿದ್ದರೂ ಅವರು ಅದರಲ್ಲಿ ಇರಲಿಲ್ಲವಂತೆ, ಪಕ್ಕದಲ್ಲೇ ಮರದ ಗುಡಿಸಲು ಹಾಕಿಕೊಂಡರಂತೆ. ಅವರಲ್ಲಿ ಎಷ್ಟೋ ಜನ ಸತ್ತವರನ್ನು ಸುಟ್ಟು, ಎಲುಬು ಬೂದಿಯನ್ನು ಮಣ್ಣಿನ ಕೊಡಕ್ಕೆ ತುಂಬಿ, ಜತೆಗೊಂದು ಬಾಚಣಿಗೆ ಇಟ್ಟು ಹೂಳುತ್ತಿದ್ದರಂತೆ.

"ನೋಡಿ, ನಮ್ಮ ಹಾಗೆ ಸುಡುತ್ತಿದ್ದರು. ಆದರೆ ನೀರಿಗೆ ಬಿಡುತ್ತಿರಲಿಲ್ಲ. ಬಂದ ಜಾಗದಲ್ಲೇ ಇಟ್ಟರು. ನನಗೂ ಹಾಗೆ ಮಾಡಿ. ಹೊಳೆಗೆ ಬಿಡಬೇಡಿ, ನನಗೆ ನೀರು ಆಗುವುದಿಲ್ಲ."

"ಬಾಚಣಿಗೆ?"

"ಅದೂ ಇಡಿ. ಅಲ್ಲಿ ಹೋಗಿ ಕೂದಲು ಕೆದರಿಕೊಂಡು ಕೂತಿರಬೇಕಾ?"

ಅವಳಿಗೆ ನೀರು ಆಗದಿದ್ದುದು ನಿಜ. ಅವಳು ಹುಡುಗಿಯಾಗಿದ್ದಾಗ ತಂದೆಯ ದೋಣಿ ಅಳಿವೆಯಲ್ಲಿ ಮಗುಚಿ, ಅವರ ದೇಹ ಸಿಕ್ಕಿರಲಿಲ್ಲ. ಸಹಮ್‌ನ ಕಡಲ ದಂಡೆಗೂ ಅವಳು ಒಮ್ಮೆಯೂ ಬಂದವಳಲ್ಲ.

ಮಾರನೇ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ಅವಳು ದಿನೇ ದಿನೇ ಹಳದಿಯಾದಳು. ಬೇರೆ ಮಾತು ಹೊಳೆಯದೆ ನಾನು ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಏಳು ರಾಜ್ಯ ಹೇಳು ಎಂದೆ. ಆರು ಹೇಳಿ ನಿಲ್ಲಿಸಿದಳು. ಏಳನೆಯ ಬೆರಳು ಮಡಿಸಲಾಗದೆ ಹಾಗೇ ಎತ್ತಿ ಹಿಡಿದಿದ್ದಳು. ನಾನು ನಾರ್ಥಂಬ್ರಿಯಾ ಎಂದು ಹೇಳಿಕೊಡಬಹುದಿತ್ತು. ಹೇಳಲಿಲ್ಲ.

"ಆ ದಿನ ಹೇಳಿದ್ದು ತಮಾಷೆ ಅಲ್ಲ," ಎಂದಳು. "ನೀರಿಗೆ ಬಿಡಬೇಡಿ."

ಆಯಿತು ಎಂದೆ.

ದೇಹವನ್ನು ಊರಿಗೆ ಕಳಿಸುವ ಕಾಗದಪತ್ರ ಮುಗಿಯಲು ಎಷ್ಟು ದಿನವೋ ಯಾರಿಗೂ ಗೊತ್ತಿರಲಿಲ್ಲ. ಸೋಹಾರ್ ಕಡೆಯೇ ಸುಟ್ಟೆವು. ನಮ್ಮ ಕಡೆಯವರು ಐದಾರು ಮಂದಿ ಬಂದಿದ್ದರು. ಎರಡು ದಿನ ಬಿಟ್ಟು ಬೂದಿ ತರಲು ನಾನೊಬ್ಬನೇ ಹೋದೆ. ಅದಕ್ಕೂ ಮೊದಲೇ ಅಂಗಡಿಯ ಫೋನಿಗೆ ಅವಳ ತಮ್ಮ ಮಾಡಿದ್ದ.

"ಭಾವ, ಅಕ್ಕನನ್ನು ಅಲ್ಲಿಯೇ ಸುಟ್ಟಿರಲ್ಲಾ, ಅದು ಹೋಗಲಿ. ಬೂದಿಯನ್ನಾದರೂ ತನ್ನಿ. ಹೊಳೆಗೆ ಬಿಡುವವರೆಗೆ ಅಮ್ಮ ಅನ್ನ ಮುಟ್ಟುವುದಿಲ್ಲ ಅಂತ ಕೂತಿದ್ದಾರೆ."

"ತರ್ತೇನೆ," ಎಂದೆ. ಅನ್ನ ಬಿಟ್ಟ ಮುದುಕಿಗೆ ಬೇರೆ ಏನು ಹೇಳಲಿ?

ಒಮಾನಿಗಳು ನೀರು ತಣ್ಣಗಾಗಲು ತೂಗುಹಾಕುವ ಮಣ್ಣಿನ ಕೊಡಕ್ಕೆ ಜಹ್ಲಾ ಎನ್ನುತ್ತಾರೆ. ಫ್ರಿಜ್ ಬಂದ ಮೇಲೆ ಅದು ಯಾರಿಗೂ ಬೇಡವಾಗಿತ್ತು. ಚಂದ ಕಂಡಿತೆಂದು ಅವಳು ಒಂದನ್ನು ತಂದು ಜಗಲಿಯಲ್ಲಿ ತೂಗುಹಾಕಿದ್ದಳು. ಎಲುಬಿನ ಚೂರುಗಳನ್ನೂ ಬೂದಿಯ ಹೆಚ್ಚಿನ ಪಾಲನ್ನೂ ಅದಕ್ಕೆ ತುಂಬಿದೆ. ಒಂದು ಹಿಡಿಯಷ್ಟನ್ನು ಹಾಲಿನ ಪುಡಿಯ ಡಬ್ಬಿಗೆ ಹಾಕಿದೆ. ನಮ್ಮಲ್ಲಿ ಸತ್ತವರ ಬಾಚಣಿಗೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಬಿಸಾಡುತ್ತೇವೆ. ನಾನು ಅದನ್ನು ತೊಳೆಯಲೂ ಇಲ್ಲ. ಹಲ್ಲುಗಳ ನಡುವೆ ಕೂದಲಿದ್ದ ಹಾಗೆಯೇ ಕೊಡದೊಳಗೆ ಇಳಿಸಿ ಬಾಯಿಗೆ ಬಟ್ಟೆ ಕಟ್ಟಿದೆ. ಬೆಳಗಾಗುವಾಗ ಅಂಗಳದ ನಿಂಬೆ ಗಿಡದ ಬುಡದಲ್ಲಿ ಗುಂಡಿ ತೋಡಿ ಇಟ್ಟೆ.

ಮಣ್ಣು ಎಳೆದು ಮುಚ್ಚುತ್ತಿದ್ದಾಗ ಮುದುಕಿ ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಅವಳೂ ನಾನೂ ಮಾತಾಡುತ್ತಿದ್ದುದು ಮುರುಕು ಹಿಂದಿಯಲ್ಲಿ.

"ಏನು ನೆಟ್ಟೆ ಮಗನೇ?"

ಅವಳ ನೆಲದಲ್ಲಿ, ಅವಳ ಧರ್ಮಕ್ಕೆ ಆಗದ್ದನ್ನು, ಕೇಳದೆ ಇಟ್ಟಿದ್ದೆ.

"ಬೀಜ," ಎಂದೆ. "ನಮ್ಮ ಊರಿನದು."

ಹೂಂ ಎಂದು ತನ್ನ ಮನೆಗೆ ಹೋದಳು.

ಆ ವಾರವೇ ಊರಿಗೆ ಹೋಗಿ ಡಬ್ಬಿಯನ್ನು ಅವಳ ತಮ್ಮನ ಕೈಗಿತ್ತೆ. ಅವನು ಅದನ್ನು ತೂಗಿ ನೋಡುವವನ ಹಾಗೆ ಹಿಡಿದು, "ಇಷ್ಟೇನಾ?" ಎಂದ. ಇಷ್ಟೇ ಎಂದೆ. ಹೊಳೆಯಲ್ಲಿ ಬಿಟ್ಟರು. ಅತ್ತೆ ಊಟ ಮಾಡಿದರು. ಅವಳಿಗೆ ಕೊಟ್ಟ ಮಾತನ್ನು ಒಂದು ಹಿಡಿಯಷ್ಟು ಮುರಿದು ಬಂದೆ.

ತಿರುಗಿ ಬಂದಾಗ ನಿಂಬೆಯ ಬುಡ ಒದ್ದೆಯಾಗಿತ್ತು. ಮರುದಿನವೂ ಒದ್ದೆಯಿತ್ತು. ಮೂರನೇ ದಿನ ನೋಡಿದೆ, ಮುದುಕಿ ಒಂದು ಚೊಂಬು ನೀರು ತಂದು ಮೆಲ್ಲಗೆ ಸುತ್ತ ಸುರಿದು ಹೋದಳು. ಆ ವರ್ಷಗಳಲ್ಲಿ ಪಂಪು ಹೆಚ್ಚಾಗಿ, ಕಡಲ ನೀರು ನೆಲದಡಿಯಲ್ಲಿ ಒಳಗೆ ಬಂದು, ಬಾವಿಗಳೆಲ್ಲ ಉಪ್ಪಾಗುತ್ತಿದ್ದವು. ಆ ಪಂಪುಗಳನ್ನು ಮಾರಿದವರಲ್ಲಿ ನಾನೂ ಒಬ್ಬ. ಸಿಹಿನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಅವಳು ಸುರಿಯುತ್ತಿದ್ದುದು ಆ ನೀರನ್ನೇ.

ನೀರು ಬೇಡವೆಂದವಳ ಮೇಲೆ ದಿನಕ್ಕೊಂದು ಚೊಂಬು ನೀರು. ನಾನು ತಡೆಯಲಿಲ್ಲ. ತಡೆದರೆ ಕಾರಣ ಹೇಳಬೇಕಿತ್ತು.

"ಚಿಗುರಿತಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು.

"ಇನ್ನೂ ಇಲ್ಲ ಅಮ್ಮಾ."

ಹೀಗೇ ನಾಲ್ಕೈದು ವರ್ಷ ಕಳೆಯಿತು. ಬೇರಿಗೆ ಉಪ್ಪು ತಾಗಿ ನಿಂಬೆ ಗಿಡ ಒಣಗಿ ಬರೀ ಕೊರಡಾಯಿತು. ತೊಂಬತ್ತರ ದಶಕ ಬಂದಿತ್ತು. ಮುದುಕಿಯ ಮಗನಿಗೆ ಜಾಗ ಬೇಕಾಯಿತು, ನಾನು ಅಂಗಡಿಯ ಹಿಂದಿನ ಕೋಣೆಗೆ ಸಾಮಾನು ಸಾಗಿಸಿದೆ. ಗೋಡೆ ಕೆಡಹುವ ದಿನ ರಜೆ ಹಾಕಿ ಹೋದೆ. ಕೊಡವನ್ನು ಅಗೆದು ತೆಗೆಯೋಣವೆಂದು ಚೀಲ ಹಿಡಿದು ಹೋಗಿದ್ದೆ. ಆದರೆ ಯಂತ್ರ ನನಗಿಂತ ಮೊದಲೇ ಬಂದಿತ್ತು. ಮಣ್ಣಿನ ಮನೆ ಅರ್ಧ ಗಂಟೆಯಲ್ಲಿ ಪುಡಿಯಾಯಿತು. ಆ ಧೂಳಿನ ನಡುವೆ ಮುದುಕಿ ನಿಂಬೆಯ ಕೊರಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಡ್ರೈವರ್ ಹಾರ್ನ್ ಹೊಡೆದ. ಮಗ ಬಂದು ಗದರಿದ. ಅವಳು ಏಳಲಿಲ್ಲ.

"ಖಲಾಸ್, ಈ ಮೂಲೆ ಬಿಡಿ," ಎಂದಳು. "ಇಲ್ಲಿ ಇವನ ಬೀಜ ಇದೆ."

ಮಗ ಕೈ ಕೊಡವಿ ಹೋದ. ನಾನು ಅವಳ ಕಾಲ ಬಳಿ ಕೂತೆ. "ಅಮ್ಮಾ, ಅದು ಬೀಜವಲ್ಲ," ಎಂದೆ.

"ನಾಲ್ಕೈದು ವರ್ಷ ಮೊಳೆಯದ ಬೀಜ ಉಂಟಾ? ನನಗೆ ಮೊದಲ ದಿನವೇ ಗೊತ್ತು. ನಿನ್ನ ಮುಖ ನೋಡಲಿಲ್ಲವಾ ನಾನು?"

"ಮತ್ತೆ ನೀರು ಯಾಕೆ ಹಾಕಿದೆ?"

"ಪಾಪ, ಬಿಸಿಲು," ಎಂದಳು.

ಕೊಡವನ್ನು ಅವಳ ಕಾವಲಿಗೇ ಬಿಟ್ಟು ಖಾಲಿ ಚೀಲ ಹಿಡಿದು ಬಂದೆ. ಅವಳು ಬದುಕಿರುವವರೆಗೆ ಆ ಮೂಲೆಯಲ್ಲಿ, ಕೆಡಹಿದ ಗೋಡೆಯ ಮಣ್ಣಿನದು, ಸೊಂಟದೆತ್ತರದ ದಿಬ್ಬವೊಂದು ಉಳಿದಿತ್ತು. ಎರಡು ವರ್ಷ. ಅವಳು ತೀರಿಕೊಂಡ ಮೇಲೆ ಒಂದು ಶುಕ್ರವಾರ ಹೋಗಿ ನೋಡಿದೆ. ದಿಬ್ಬ ಸಮ ಮಾಡಿ ಸಿಮೆಂಟು ಹಾಸಿದ್ದರು. ಮೇಲೆ ಪಿಕಪ್ ನಿಂತಿತ್ತು, ಅಡಿಯಲ್ಲಿ ಎಣ್ಣೆಯ ಕಲೆ. ಮಗ ಹೊರಗೆ ಬಂದು ಸಲಾಂ ಹೇಳಿದ. ನಾನೂ ಹೇಳಿದೆ. ಕೊಡ ಸಿಕ್ಕಿತೇ ಎಂದು ಕೇಳದೆ ಹಿಂದಿರುಗಿದೆ.

ಸಿಕ್ಕಿಲ್ಲ ಎಂದೇ ನಂಬಿದ್ದೇನೆ. ಆಳವಾಗಿ ತೋಡಿದ್ದೆ. ಮುಂದೆ ಯಾರೋ ಅಗೆದಾಗ ಒಮಾನಿ ಕೊಡ, ಪ್ಲಾಸ್ಟಿಕ್ ಬಾಚಣಿಗೆ, ಸುಟ್ಟ ಎಲುಬು ಸಿಗಬಹುದು. ಇದು ಯಾವ ಜನ, ಯಾಕೆ ಬಂದರು, ಯಾಕೆ ಹೋಗಲಿಲ್ಲ ಎಂದು ಅವರು ಪ್ರಶ್ನೆ ಬರೆದುಕೊಳ್ಳಬಹುದು. ಉತ್ತರ ಗೊತ್ತಿದ್ದವಳು ಪರೀಕ್ಷೆ ಬರೆಯಲಿಲ್ಲ. ಪುಸ್ತಕ ಮಾತ್ರ ನನ್ನಲ್ಲಿದೆ. ಆರು ರಾಜ್ಯಗಳವರೆಗೆ ಸಲೀಸಾಗಿ ಹೇಳುತ್ತೇನೆ. ಏಳನೆಯದು ಗೊತ್ತಿದ್ದರೂ ಬಾಯಿಬಿಟ್ಟು ಹೇಳುವುದಿಲ್ಲ.