ಸರ್ವರ್‌ನಲ್ಲಿ ಉಳಿದಿದ್ದ ಹಳೆಯ ಲೈಬ್ರರಿ

ಮಣಿಕೊಂಡದ ನಮ್ಮ ಚಿಕ್ಕ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು: ಎಲ್ಲರೂ ಬಳಸುವ ಲಿನಕ್ಸ್ ಸರ್ವರ್‌ನಲ್ಲಿ ಯಾರ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲವೋ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬರುವುದಿಲ್ಲವೋ, ಅವರು ಸಂಜೆ ಎಲ್ಲರಿಗೂ ಚಹಾ ಕೊಡಿಸಬೇಕು. ಆ ತಿಂಗಳು ಮೂರು ಸಲ ನಾನೇ ಕೊಡಿಸಿದ್ದೆ. ಡೈರಿಯಲ್ಲಿ ಆ ಮೂರು ತಾರೀಖುಗಳ ಪಕ್ಕ ಗೆರೆ ಎಳೆದಿದ್ದೇನೆ.

ಸಿಟ್ಟಿದ್ದದ್ದು ಚಹಾದ ಮೇಲಲ್ಲ, ನಮ್ಮ ಸೀನಿಯರ್ ಮೇಲೆ. ಅವರು ಬೀದರ್ ಕಡೆಯವರು, ನಾನು ಕಲಬುರಗಿಯವಳು. ಆಫೀಸಿನಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ, ಉಳಿದವರೆಲ್ಲ ತೆಲುಗಿನವರು. ಹಾಗಾಗಿ ಅವರು ಕನ್ನಡದಲ್ಲೇ, ನಗುನಗುತ್ತಾ ಬೈಯುತ್ತಿದ್ದರು.

“ಏನ್ ತಂಗಿ, ಇವತ್ತೂ ಚಾ ನಿಂದೇ ಏನು? ನನ್ನ ಮಷಿನ್‌ನಾಗ ಅದೇ ಪ್ರೋಗ್ರಾಂ ಛಂದ ಓಡಾಕತ್ತೈತಿ. ಹಿಂಗ ಆದ್ರ ನಿನ್ನ ನೌಕರಿ ಕಾಯಂ ಮಾಡ್ರಿ ಅಂತ ನಾ ಹೆಂಗ ಬರೀಲಿ?”

ಉಳಿದವರು ಒಂದೇ ಸೀಮೆಯವರ ಸಲಿಗೆಯೆಂದುಕೊಂಡು ತಾವೂ ನಗುತ್ತಿದ್ದರು. ನೌಕರಿಯ ಆ ಮಾತು ಮಾತ್ರ ತಮಾಷೆಯಾಗಿರಲಿಲ್ಲ. ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಶುಕ್ರವಾರ ಅವರು ಮ್ಯಾನೇಜರ್‌ಗೆ ಬರೆದುಕೊಡಬೇಕಿತ್ತು.

ಬುಧವಾರ, ನನ್ನ ಪ್ರೋಗ್ರಾಂ ಯಾವ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಎಲ್ಲಿಂದ ಎತ್ತಿಕೊಳ್ಳುತ್ತಿದೆ ಎಂದು ಒಂದೊಂದಾಗಿ ನೋಡಿದೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಸಿಕ್ಕವು. ಹೊಸದು ಇರಬೇಕಾದಲ್ಲೇ ಇತ್ತು. ಹಳೆಯದನ್ನು ಯಾರೋ ಕೈಯಾರೆ ಬೇರೆ ಫೋಲ್ಡರ್‌ಗೆ ಹಾಕಿ ಮರೆತಿದ್ದರು. ಕಂಪೈಲರ್ ಮೊದಲು ಹುಡುಕುವುದು ಆ ಫೋಲ್ಡರಿನಲ್ಲೇ. ಫೈಲಿನ ಮೇಲೆ ಸೀನಿಯರ್ ಹೆಸರಿತ್ತು. ತಾರೀಖು ನಾನು ಕೆಲಸಕ್ಕೆ ಸೇರುವುದಕ್ಕಿಂತ ಬಹಳ ಹಿಂದಿನದು.

ಹೇಳಿದ್ದರೆ ಅಳಿಸಲು ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ನನ್ನ ಪ್ರೋಗ್ರಾಂಗೆ ಮಾತ್ರ ಹೊಸದರ ದಾರಿ ತೋರಿಸಿ, ಹಳೆಯದನ್ನು ಇದ್ದಲ್ಲೇ ಬಿಟ್ಟೆ. ಶುಕ್ರವಾರ ಸೀನಿಯರ್ ಕೂಡ ಮ್ಯಾನೇಜರ್ ಎದುರು ಅಲ್ಲಿಯವರೆಗೆ ತಮ್ಮ ಮಷಿನ್‌ನಲ್ಲೇ ಓಡಿಸುತ್ತಿದ್ದ ಕೆಲಸವನ್ನು ಅದೇ ಸರ್ವರ್‌ನಲ್ಲಿ ಕಂಪೈಲ್ ಮಾಡಿ ತೋರಿಸುವವರಿದ್ದರು. ಉಳಿದವರ ಕೆಲಸಕ್ಕೆ ಆ ಲೈಬ್ರರಿಯೇ ಬೇಕಿರಲಿಲ್ಲ; ಅವರದಕ್ಕೆ ಮಾತ್ರ ನನ್ನದರಂತೆ ಹೊಸ ಆವೃತ್ತಿಯೇ ಬೇಕಿತ್ತು. ಗುರುವಾರ ಅವರು ಅಣಕಿಸಿದಾಗಲೆಲ್ಲ “ಹೌದ್ರಿ ಅಣ್ಣಾರ” ಅಂದೆ. ಹಾಗನ್ನುವುದು ಅಷ್ಟು ಸುಖವಾಗಿ ಹಿಂದೆಂದೂ ಇರಲಿಲ್ಲ.

ಶುಕ್ರವಾರ ನನ್ನದು ಒಂದೇ ಸಲಕ್ಕೆ ಕಂಪೈಲ್ ಆಯಿತು. ಅವರದು ಪರದೆ ತುಂಬ ತಪ್ಪುಗಳನ್ನು ಕಾರಿ ನಿಂತಿತು.

“ಸರ್ವರ್‌ನಾಗ ಏನ್ ಕೈ ಹಾಕಿದಿಯವ್ವಾ?” ಎಂದು ನನ್ನತ್ತ ತಿರುಗಿದರು.

ನಾನು ತೆಲುಗಿನಲ್ಲಿ ಉತ್ತರಿಸಿದೆ. ಹಳೆಯ ಲೈಬ್ರರಿ ಎಲ್ಲಿದೆ, ಯಾರು ಯಾವಾಗ ಇಟ್ಟದ್ದು, ಅದಕ್ಕಾಗಿ ಯಾವ ಯಾವ ದಿನ ನಾನು ಚಹಾ ಕೊಡಿಸಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಫೈಲನ್ನು ತೋರಿಸಿದೆ. ಈ ಸಲ ಯಾರೂ ನಗಲಿಲ್ಲ. ಮ್ಯಾನೇಜರ್ ನನ್ನ ನೌಕರಿ ಕಾಯಂ ಮಾಡುವ ಕಾಗದ ತರಿಸಿಕೊಂಡು ತಾವೇ ಸಹಿ ಹಾಕಿದರು.

ಸಂಜೆಯ ಚಹಾ ಸೀನಿಯರ್‌ದು. ಗ್ಲಾಸು ಕೊಡುತ್ತಾ ಮೆಲ್ಲಗೆ ಕೇಳಿದರು, “ನಮ್ಮ ನಮ್ಮೊಳಗ ಕನ್ನಡದಾಗ ಹೇಳಿದ್ರ ಆಗ್ತಿರಲಿಲ್ಲೇನು, ತಂಗಿ?”

ಗ್ಲಾಸು ಖಾಲಿ ಮಾಡಿ, ತೆಲುಗಿನಲ್ಲೇ ಇನ್ನೊಂದು ಚಹಾ ಕೇಳಿದೆ: “ಇಂಕೊಕ ಚಾಯ್, ಸಾರ್.”