ಪರದೆಯ ಮೇಲಿನ ಎರಡು ಕೈಗಳು

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣಕ್ಕೆಂದು ಮೂರು ದಶಕಗಳಿಗೂ ಮಿಕ್ಕಿ ತಮ್ಮನ್ನು ತೆತ್ತುಕೊಂಡು, ಈ ವರ್ಷ ಸೇವೆಯಿಂದ ನಿವೃತ್ತರಾದ ನಮ್ಮ ಹಿರಿಯ ಸಹೋದ್ಯೋಗಿಯನ್ನು ಶಾಲೆಯಲ್ಲಿ ಯಾರೂ ಹಾಜರಿಯ ಹೆಸರಿನಿಂದ ಕರೆದದ್ದಿಲ್ಲ. ಅವರು ನಮಗೆಲ್ಲ ‘ನಿಧಾನದಕ್ಕ’. ಮೆಟ್ಟಿಲು ಹತ್ತುವುದು ನಿಧಾನ, ಮಾತು ನಿಧಾನ, ಅವರ ಕೈಯಲ್ಲಿನ ಚಹಾ ತಣ್ಣಗಾಗದೆ ಮುಗಿದದ್ದನ್ನು ಕಂಡವರಿಲ್ಲ. ಹೆಸರಿಟ್ಟವರು ಕೀಟಲೆಗೆ ಇಟ್ಟಿದ್ದರು. ಅವರ ತರಗತಿಯ ಬಾಗಿಲಲ್ಲಿ ಒಮ್ಮೆ ನಿಂತು ನೋಡಿದ ಮೇಲೆ ಅದೇ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳತೊಡಗಿದರು.

ಅವರು ಸೇವೆಗೆ ಸೇರಿದಾಗ ಇಂಥ ಮಕ್ಕಳಿಗೆಂದು ಶಾಲೆ ಕೊಟ್ಟದ್ದು ಮುರಿದ ಬೆಂಚುಗಳನ್ನು ಪೇರಿಸಿದ್ದ ಮೂಲೆಕೋಣೆ. ಅವರು ಬೆಂಚುಗಳನ್ನು ತಾವೇ ಹೊರಗೆಳೆದು, ಗೋಡೆಗೆ ಕಣ್ಣಿಗೆ ಹೊಡೆಯದಂಥ ತಿಳಿಬಣ್ಣ ಬಳಿಸಿ, ಕಿರುಗುಟ್ಟುತ್ತಿದ್ದ ಫ್ಯಾನನ್ನು ಬದಲಾಯಿಸುವವರೆಗೆ ಮುಖ್ಯೋಪಾಧ್ಯಾಯರ ಬೆನ್ನು ಬಿಡಲಿಲ್ಲ. ನಮ್ಮಲ್ಲಿ ಅನೇಕರು ಕೆಲಸ ಕಲಿತದ್ದು ಆ ಕೋಣೆಯಲ್ಲೇ. ಹೊಸದಾಗಿ ಬಂದ ಶಿಕ್ಷಕಿಯೊಬ್ಬಳು, ಮಗು ಕೈ ಕಚ್ಚಿತೆಂದು ಅಳುತ್ತ ಕೆಲಸ ಬಿಡಲು ಹೊರಟಾಗ ಅವರು ತಡೆದು ಹೇಳಿದ್ದು ಇಷ್ಟೆ: “ಬಾರೇ, ಮೊದ್ಲು ಕೈ ತೊಳಿ. ಆಮೇಲೆ ಆ ಮಗುಗೆ ಏನು ಹೆದರಿಕೆ ಆಯ್ತು ಅಂತ ಇಬ್ರೂ ಸೇರಿ ಹುಡುಕೋಣ.” ಆ ಶಿಕ್ಷಕಿ ಇಂದಿಗೂ ನಮ್ಮಲ್ಲೇ ಇದ್ದಾಳೆ.

ಇಂಥ ಪ್ರಸಂಗಗಳು ಈ ಅಭಿನಂದನ ಸಂಪುಟದ ಬೇರೆ ಲೇಖನಗಳಲ್ಲಿ ಸಾಕಷ್ಟು ಬಂದಾವು. ಇಲ್ಲಿ ಹೇಳಹೊರಟಿರುವುದು ಅವರ ಸೇವೆಯ ಕೊನೆಯ ವರ್ಷಗಳಲ್ಲಿ, ಅವರು ಕಾಲಿಡದ ಒಂದು ಮನೆಯಲ್ಲಿ ನಡೆದ ಸಂಗತಿ. ಆ ಮನೆಯ ತಾಯಿ ನಮ್ಮೆದುರು ಕುಳಿತು ಮನಬಿಚ್ಚಿ ಹೇಳಿದ್ದು.

ಆ ತಾಯಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಂಡ ಬಸ್ ಚಾಲಕ. ಕಿರಿದಾದ ಬೀದಿಯೊಂದರಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಮನೆ. ಅವರ ಒಬ್ಬಳೇ ಮಗಳು, ಮನೆಯವರ ಬಾಯಲ್ಲಿ ಚಿಕ್ಕಿ, ಮಾತು ಕಲಿಯಲೇ ಇಲ್ಲ. ಕೆಳಗೆ ಬೀಗದ ಕೈಗೆ ಅರ ಉಜ್ಜುವ ಸದ್ದು ಶುರುವಾದರೆ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುವಳು. ಯಾರಾದರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿದರೆ, ಬಿಸಿಲು ಕಣ್ಣಿಗೆ ರಾಚಿದಂತೆ ತಲೆ ತಿರುಗಿಸುವಳು. ಹತ್ತಿರದ ಶಾಲೆಗೆ ಸೇರಿಸಿದ್ದೂ ಆಯಿತು. ಗಂಟೆ ಬಾರಿಸಿದಾಗಲೆಲ್ಲ ಅವಳು ಕಿರುಚುತ್ತಿದ್ದಳು. ಕೊನೆಗೆ ಅಲ್ಲಿನವರು ಮೃದುವಾಗಿಯೇ, “ನಿಮ್ಮ ಮಗುಗೆ ಇಲ್ಲಿ ಹಿಂಸೆ ಆಗ್ತಿದೆಯಮ್ಮ,” ಎಂದು ಕೈಮುಗಿದರು.

ದೂರದೂರಿನ ವಸತಿಶಾಲೆಯೊಂದಕ್ಕೆ ಬಿಡುವುದೇ ದಾರಿಯೆಂದು ಬಂಧುಗಳೆಲ್ಲ ಒಂದೇ ಮಾತು ಆಡತೊಡಗಿದರು. ಮಗಳನ್ನು ಬಿಟ್ಟು ಇರುವ ಮಾತು ಬಂದಾಗಲೆಲ್ಲ ಆ ತಾಯಿ ಅಳುತ್ತಿದ್ದಳು. ಶಾಲೆಗೆ ಬರಲಾಗದ ಮಕ್ಕಳಿಗೂ ಪಾಠ ಮುಟ್ಟಿಸಲೆಂದು ನಮ್ಮ ಶಾಲೆ ಆನ್‌ಲೈನ್ ತರಗತಿ ತೆರೆದ ಸುದ್ದಿ ಅಂಗಡಿಗೆ ಬಂದ ಗಿರಾಕಿಯೊಬ್ಬರಿಂದ ಅವಳ ಕಿವಿಗೆ ಬಿತ್ತು. ಗಂಡ, “ಒಂದು ವರ್ಷ ನೋಡೋಣ. ಆಗ್ಲಿಲ್ಲ ಅಂದ್ರೆ ಬಿಟ್ಟು ಬರೋದೇ, ಮತ್ತೆ ಅಳಬಾರ್ದು,” ಎಂದ. ಅವಳು ಅಂಗಡಿಯ ಕೆಲಸವನ್ನು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡಳು. ಹಿಂಬದಿಯ ಕೋಣೆಯ ಕಿಟಕಿಗೆ ಹಳೆಯ ಕಂಬಳಿ ಹೊಡೆದು ಸದ್ದು ತಗ್ಗಿಸಿದಳು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಾಗ ಅವಳ ಅತ್ತೆ ಕನ್ನಡಕ ಸರಿಮಾಡಿಕೊಂಡು, “ಎದುರಿಗೆ ಕೂತವರನ್ನೇ ನೋಡದ ಮಗು, ಡಬ್ಬಿಯೊಳಗೆ ಕೂತವರನ್ನ ನೋಡುತ್ತಾ?” ಎಂದು ಕೇಳಿದರು.

ಮೊದಲ ದಿನ ಪರದೆಯ ತುಂಬ ನಿಧಾನದಕ್ಕನ ನಗುಮುಖ ಮೂಡಿತು. ಚಿಕ್ಕಿ ನೇರ ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮೇಜಿನಡಿ ಹೋಗಿ ಕುಳಿತಳು. ತಾಯಿ ತೆರೆದಳು, ಮಗಳು ಮುಚ್ಚಿದಳು. ಮರುದಿನವೂ ಅದೇ ಕಥೆ. ಮೂರನೆಯ ದಿನ ತಾಯಿಯ ಕಣ್ಣಲ್ಲಿ ನೀರು ತುಂಬಿತು.

“ಮೇಡಂ, ಇವಳಿಗೆ ಬೈಬೇಡಿ…”

“ಬೈಯೋದ್ಯಾಕಮ್ಮ? ಬೇಡ ಅಂತ ಇಷ್ಟು ಸ್ಪಷ್ಟವಾಗಿ ಹೇಳ್ತಿದ್ದಾಳೆ. ಕೇಳಿಸ್ಕೊಳ್ಳದೆ ಇದ್ದಿದ್ದು ನಾನು. ನನ್ನ ಮುಖ ಅವಳಿಗೆ ಜಾಸ್ತಿ ಆಯ್ತು. ನಾಳೆ ಮುಖ ತರಲ್ಲ ಬಿಡಿ.”

ತಾಯಿಗೆ ಅದರ ಅರ್ಥ ತಿಳಿದದ್ದು ಮರುದಿನವೇ. ಕ್ಯಾಮೆರಾ ಕೆಳಮುಖವಾಗಿತ್ತು. ಪರದೆಯ ಮೇಲೆ ಒಂದು ಬೋಳು ಮೇಜು, ಅದರ ಮೇಲೆ ವಯಸ್ಸಾದ ಎರಡು ಕೈಗಳು, ಒಂದು ಬಟ್ಟಲು ಗುಂಡಿಗಳು. ಧ್ವನಿಯಿಲ್ಲ. ಕೈಗಳು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದವು, ಮತ್ತೆ ಬೆರೆಸುತ್ತಿದ್ದವು, ಮತ್ತೆ ಬೇರೆ ಮಾಡುತ್ತಿದ್ದವು. ಯಾರನ್ನೂ ಕರೆಯಲಿಲ್ಲ, ಯಾರಿಗೂ ಕಾಯುವಂತೆಯೂ ತೋರಲಿಲ್ಲ. ಆ ವಾರವೆಲ್ಲ ಹೀಗೇ ನಡೆಯಿತು. ಅತ್ತೆ ಬಾಗಿಲಲ್ಲಿ ಇಣುಕಿ, “ಇದಕ್ಕೂ ಸಂಬಳ ಕೊಡ್ತಾರೇನೆ?” ಎಂದರು. ಹಾಗೆಂದವರು ತಾವೇ ಸ್ಟೂಲು ಎಳೆದುಕೊಂಡು ನೋಡುತ್ತ ಕುಳಿತರು.

ಮುಂದಿನ ವಾರ ಮೇಜಿನಡಿಯಿಂದ ಮೊದಲು ತಲೆ ಬಂತು, ಆಮೇಲೆ ಭುಜ. ಚಿಕ್ಕಿ ಅಡುಗೆಮನೆಯಿಂದ ಚಮಚಗಳನ್ನು ತಂದು ಪರದೆಯ ಮುಂದೆ ಸುರಿದಳು. ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ. ಪರದೆಯ ಕೈಗಳು ತಟ್ಟನೆ ನಿಂತವು. ಅನಂತರ ಗುಂಡಿಗಳನ್ನೂ ದೊಡ್ಡದು, ಚಿಕ್ಕದು ಎಂದು ಜೋಡಿಸಿದವು. ಮಗಳು ಹೇಳಿದ್ದನ್ನು ಒಬ್ಬರು ಕೇಳಿ, ಅವಳ ಮಾತಿಗೆ ಮಾತು ಕೊಟ್ಟಿದ್ದರು. ಒಂದು ಶಬ್ದವೂ ಇಲ್ಲದೆ.

ಆಮೇಲಿನದು ತಿಂಗಳುಗಟ್ಟಲೆಯ ದುಡಿಮೆ. ಗುಂಡಿಗಳ ಜಾಗಕ್ಕೆ ಚಿತ್ರದ ಕಾರ್ಡುಗಳು ಬಂದವು, ಚಿತ್ರಗಳ ಪಕ್ಕಕ್ಕೆ ಅಕ್ಷರಗಳು. ಧ್ವನಿಯೂ ಬಂತು, ಮೊದಲು ಒಂದೊಂದೇ ಪದ, ಮೆಲ್ಲಗೆ. ಕೆಲವು ದಿನ ಚಿಕ್ಕಿ ಕಾರ್ಡುಗಳನ್ನು ಕೋಣೆತುಂಬ ಎಸೆಯುತ್ತಿದ್ದಳು, ಕೆಲವು ದಿನ ಕೋಣೆಗೇ ಬರುತ್ತಿರಲಿಲ್ಲ. ಆಗ ನಿಧಾನದಕ್ಕನವರು ತಾಯಿಯೊಡನೆ ಅದೂ ಇದೂ ಮಾತಾಡುವರು. ನೀವು ಊಟ ಮಾಡಿದಿರಾ, ನಿದ್ದೆ ಆಯಿತಾ ಎಂದು ಕೇಳುವರು. ಎಷ್ಟೋ ವರ್ಷಗಳಿಂದ ಎಲ್ಲರೂ ಮಗಳನ್ನೇ ವಿಚಾರಿಸುತ್ತಿದ್ದರಂತೆ; ಅವಳನ್ನು ಕೇಳಿದ್ದು ಇವರೊಬ್ಬರೇ.

ಬೇಕು, ಬೇಡ, ಸಾಕು, ಹಸಿವು, ನೋವು ಎಂಬ ಪದಗಳನ್ನು ದಪ್ಪ ರಟ್ಟಿನ ಮೇಲೆ ತಾಯಿ ಬರೆದುಕೊಟ್ಟಳು. ‘ಸಾಕು’ ಎಂಬುದು ಚಿಕ್ಕಿಗೆ ಅಚ್ಚುಮೆಚ್ಚಾಯಿತು. ಅಪ್ಪ ಹಾಡಲು ಬಾಯಿ ತೆರೆದರೆ ಸಾಕು, ಆ ಕಾರ್ಡು ತಂದು ಅವನ ಎದೆಗೆ ಅಂಟಿಸುವಳು. ಅವನು ಬೀದಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ: “ನನ್ ಮಗಳು ನನ್ ಹಾಡು ನಿಲ್ಸಿದ್ಲು ಕಣ್ರೀ!”

ಆದರೂ ಒಂದು ಮಾತು ತಾಯಿಯ ಮನಸ್ಸನ್ನು ಕೊರೆಯುತ್ತಲೇ ಇತ್ತು. ಹಿಂದೆ ಮಗಳನ್ನು ಪರೀಕ್ಷಿಸಿದ ವೈದ್ಯರು, ಬೇರೆಯವರ ಒಳಗೇನಾಗುತ್ತಿದೆ ಎಂಬುದು ಈ ಮಗುವಿಗೆ ತಿಳಿಯುವುದು ಕಷ್ಟವಾಗಬಹುದು ಎಂದಿದ್ದರು. ತಾನು ಅತ್ತರೂ ನಕ್ಕರೂ ಮಗಳಿಗೆ ಒಂದೇ ಏನೋ ಎಂಬ ಆ ದುಗುಡವನ್ನು ಅವಳು ಗಂಡನ ಬಳಿಯೂ ಆಡಿರಲಿಲ್ಲ.

ಗಂಡ ಕೊಟ್ಟ ವರ್ಷ ತುಂಬುತ್ತ ಬಂದಿತ್ತು. ಒಂದು ಬೆಳಿಗ್ಗೆ ಪಾಠದ ನಡುವೆ ಚಿಕ್ಕಿ ‘ನೋವು’ ಕಾರ್ಡನ್ನು ಎತ್ತಿ ಹಿಡಿದಳು. ತಾಯಿಯ ಜೀವ ಬಾಯಿಗೆ ಬಂತು. ಹೊಟ್ಟೆ ಒತ್ತಿ ನೋಡಿದಳು, ಕಿವಿ ಮುಟ್ಟಿದಳು, ಬಾಯಿ ತೆರೆಸಿ ಹಲ್ಲು ನೋಡಿದಳು. ಮಗಳು ಅವಳ ಕೈಯನ್ನು ತಳ್ಳಿಹಾಕಿ, ಕಾರ್ಡನ್ನು ಪರದೆಗೆ ಒತ್ತಿ ಹಿಡಿದಳು. ಜಾರಿತು, ಮತ್ತೆ ಒತ್ತಿದಳು. ಅದೇ ಜಾಗದಲ್ಲಿ, ಬಲಗೈಯ ಹೆಬ್ಬೆರಳ ಮೇಲೆ.

ಪರದೆಯ ಕೈಗಳು ಅಲುಗಾಡಲಿಲ್ಲ. ಅವರ ಧ್ವನಿ ಬಂತು, ಎಂದಿಗಿಂತಲೂ ಮೆಲ್ಲಗೆ.

“ಹೌದು ಕಂದಾ. ನೋವಿದೆ. ಬೆಳಿಗ್ಗೆ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯ್ತು. ನಾನು ಯಾರಿಗೂ ಹೇಳಿರ್ಲಿಲ್ಲ.”

ತಾಯಿ ಬಗ್ಗಿ ನೋಡಿದಳು. ಹೆಬ್ಬೆರಳು ಒಂದಿಷ್ಟು ಊದಿದಂತಿತ್ತು, ಅಷ್ಟೆ. ದಿನವೂ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಡುವ ತನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಚಿಕ್ಕಿ ಕಾರ್ಡನ್ನು ಕೆಳಗಿಟ್ಟು, ಪರದೆಯ ಆ ಬೆರಳಿಗೆ ತುಟಿಯೊಡ್ಡಿ ಉಫ್ ಎಂದು ಊದಿದಳು. ತಾಯಿ ಗೋಡೆಗೊರಗಿ ಕುಳಿತಳು. ಆ ಕೋಣೆಯಲ್ಲಿ ಜೋರಾಗಿ ಉಸಿರಾಡುವುದೂ ತಪ್ಪೆನಿಸಿತು ಎಂದಳು ನಮಗೆ. ಬಾಗಿಲಲ್ಲಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂಜೆ ಗಂಡ ಎಲ್ಲವನ್ನೂ ಕೇಳಿ ಮಗಳ ತಲೆ ನೇವರಿಸಿದ. ವಸತಿಶಾಲೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಚಿಕ್ಕಿ ಈಗಲೂ ಮಾತಾಡುವುದಿಲ್ಲ. ಅರದ ಸದ್ದಿಗೆ ಈಗಲೂ ಓಡುತ್ತಾಳೆ. ಓದುತ್ತಾಳೆ, ಪುಟ್ಟ ವಾಕ್ಯಗಳನ್ನು ಟೈಪ್ ಮಾಡುತ್ತಾಳೆ. ಮುಂದೇನಾಗುವಳೆಂದು ತಾಯಿ ಒಮ್ಮೆ ಕೇಳಿದ್ದಕ್ಕೆ ನಿಧಾನದಕ್ಕನವರು, “ನಂಗೂ ಗೊತ್ತಿಲ್ಲಮ್ಮ. ನೋಡ್ತಾ ಹೋಗೋಣ, ನಂಗೂ ಕುತೂಹಲ ಇದೆ,” ಎಂದರಂತೆ. ಮೂವತ್ತು ವರ್ಷಗಳ ನಂತರವೂ ಮಗುವೊಂದರ ಬಗ್ಗೆ ಹೀಗೆ ಬೆರಗುಪಡಬಲ್ಲವರನ್ನು ಕಂಡಾಗ ನಮ್ಮ ತಲೆ ತಾನಾಗಿ ಬಾಗುತ್ತದೆ.

ಅವರ ಬೀಳ್ಕೊಡುಗೆ ಒಂದು ಶನಿವಾರ ನಡೆಯಿತು. ಇನ್ನು ಪಾಠ ಯಾರು ಮಾಡುವರೆಂದು ಕೇಳಲು ತಾಯಿಗೆ ಧೈರ್ಯ ಸಾಲಲಿಲ್ಲ. ಸೋಮವಾರ ಲ್ಯಾಪ್‌ಟಾಪ್ ತೆರೆಯದೆ, ಮಗಳಿಗೆ ಹೇಗೆ ಹೇಳಲೆಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎರಡೆರಡು ಸಲ ತೊಳೆಯುತ್ತಿದ್ದಳು. ಕೋಣೆಯಲ್ಲಿ ಏನೋ ಸದ್ದಾಯಿತೆಂದು ಹೋಗಿ ನೋಡಿದರೆ ಚಿಕ್ಕಿ ತಾನೇ ಮುಚ್ಚಳ ತೆರೆದು, ಬೇಕಾದದ್ದನ್ನು ಒತ್ತಿ ಕುಳಿತಿದ್ದಾಳೆ. ಪರದೆಯ ಮೇಲೆ ಬೇರೊಂದು ಮೇಜು, ಶಾಲೆಯದ್ದಲ್ಲ, ಅವರ ಮನೆಯದು; ಅದರ ಮೇಲೆ ಅವೇ ಎರಡು ಕೈಗಳು.

“ಮೇಡಂ! ನೀವು… ರಿಟೈರ್ ಆದ್ರಲ್ಲ?”

“ಆದೆನಲ್ಲ. ಇವತ್ಯಾಕೆ ಇಷ್ಟು ತಡ? ನಾನು ಕಾಯ್ತಾನೇ ಇದ್ದೀನಿ.”

ಈ ಸಂಪುಟವನ್ನು ಅವರ ಕೈಗಿಡುವ ಹೊತ್ತಿನಲ್ಲಿ ನಮ್ಮ ಹಾರೈಕೆಯೂ ಅದೇ ಮೇಜಿನ ಸುತ್ತಲಿನದು. ಅವರ ಬೆರಳುಗಳಿಗೆ ಕಸುವಿರಲಿ, ಕಣ್ಣಿಗೆ ಬೆಳಕಿರಲಿ, ದೀರ್ಘವಾದ ಆಯುಸ್ಸು ಅವರಷ್ಟೇ ನಿಧಾನವಾಗಿ ನಡೆದು ಬರಲಿ. ಮುಚ್ಚಳ ತೆರೆಯುವ ಮಗು ಯಾವ ಮನೆಯಲ್ಲೇ ಇರಲಿ, ಪರದೆಯ ಆ ಬದಿಯಲ್ಲಿ ಅವರು ಇರುವಂತಾಗಲಿ.