ಹೊಂಗೆ ಮರದಾಚೆ ಎರಡು ಮೇಣದಬತ್ತಿ

ಮಧ್ಯಾಹ್ನದ ಊಟ ಮುಗಿಸಿ ಕೆ.ಆರ್. ಪುರಂ ಸ್ಟೇಷನ್ನಿಗೆ ಬಂದಾಗ ತುಂತುರು ಬೀಳುತ್ತಿತ್ತು. ಅಂದು ಆತ್ಮಗಳ ಹಬ್ಬ. ನಮ್ಮ ಕ್ರೈಸ್ತ ಮನೆಗಳವರು ತೀರಿಹೋದವರ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುವ ದಿನ. ನನ್ನ ಹೆಂಡತಿ ಸೆಲೀನಾ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಮಣ್ಣು ಮಾಡಿದ ದಿನದಿಂದ ನಾನು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ, ಪ್ರಾರ್ಥನೆಗೆ ಬಾಯಿ ತೆರೆದಿರಲಿಲ್ಲ. ಆ ಕಡೆ ಕೇಳುವವರು ಯಾರೂ ಇಲ್ಲವೇನೋ ಎಂಬ ಭಯ. ಹಾಗಿದ್ದರೆ ಸೆಲೀನಾಳೂ ಎಲ್ಲಿಯೂ ಇಲ್ಲ ಎಂದಾಗುತ್ತಿತ್ತು.

ಮಗಳು ಹೋದ ಮೇಲೂ ನನ್ನ ಜೊತೆಗೇ ಉಳಿದಿದ್ದ ಅತ್ತೆ ರೋಸಮ್ಮನಿಗೆ, ಸುಣ್ಣದ ಡಬ್ಬಿ ಹೊರಲು ಮಾತ್ರ ಬರುತ್ತೇನೆಂದು ಮೊದಲೇ ಹೇಳಿದ್ದೆ.

ಪ್ಯಾಸೆಂಜರ್ ರೈಲಿನ ಟಿಕೆಟ್ಟು ಬಸ್ಸಿಗಿಂತ ಅಗ್ಗ, ಆದರೆ ಹೊರಡುವುದು ಅದರ ಮರ್ಜಿ. ಕಿಟಕಿಯಾಚೆ, ಇನ್ನೂ ಕಟ್ಟುತ್ತಿದ್ದ ತೂಗುಸೇತುವೆಯ ಕಂಬ ಮೋಡದೊಳಗೆ ಹೋಗಿ ಮಾಯವಾಗಿತ್ತು. ಬೈಯಪ್ಪನಹಳ್ಳಿ ದಾಟುವಾಗ ಮಂಪರು ಹತ್ತಿತು. ಎದುರು ಸೀಟಿನಲ್ಲಿ ಸೆಲೀನಾ ಕೂತು ಸೇವಂತಿಗೆ ಬಿಡಿಸುತ್ತಿದ್ದಳು. ಕಣ್ಣು ಬಿಟ್ಟರೆ ಅತ್ತೆ. ತಾಯಿ ಮಗಳ ಬೆರಳು ಒಂದೇ ತರಹ.

ಭಾನುವಾರ ಚರ್ಚಿನ ಪೂಜೆಗೆ ಬರುತ್ತೀರಾ ಎಂದು ಅತ್ತೆ ಕೇಳಿದರು. ಸ್ಟೇಷನ್ ಬಂತು ಎಂದೆ. ಇನ್ನೂ ಬಂದಿರಲಿಲ್ಲ.

ಬೆಂಗಳೂರು ಈಸ್ಟಿನಲ್ಲಿ ಇಳಿದು, ಕಾಕ್ಸ್ ಟೌನಿನ ಬೇಕರಿಯೊಂದರಲ್ಲಿ ಬನ್ನು, ಟೀ ಮುಗಿಸಿ ನಡೆದೆವು. ಮರ್ಫಿ ಟೌನಿನ ಕಡೆಯಿಂದ ಮನೆಮಂದಿಯೆಲ್ಲ ಪೊರಕೆ, ಗುದ್ದಲಿ, ಹೂಬುಟ್ಟಿ ಹಿಡಿದು ತಮಿಳು ಮಾತಾಡುತ್ತ ಬರುತ್ತಿದ್ದರು. ಸಮಾಧಿ ಸ್ಥಳದ ಗೇಟಿನಲ್ಲಿ ಮೇಣದಬತ್ತಿ ಕೊಳ್ಳಲು ನೂಕುನುಗ್ಗಲು. ಅತ್ತೆ ಅಲ್ಲೇ ನಿಂತರು, ನಾನು ಮುಂದೆ ಹೋದೆ.

ಸೆಲೀನಾಳ ಸಮಾಧಿ ಹೊಂಗೆ ಮರದಿಂದಾಚೆ ಎಂಬುದಷ್ಟೇ ನೆನಪು. ಮಳೆಗೆ ಮಣ್ಣಿನ ದಿಬ್ಬಗಳು ಕುಸಿದಿದ್ದವು, ಮರದ ಶಿಲುಬೆಗಳ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳು ತೊಳೆದುಹೋಗಿದ್ದವು. ಇಷ್ಟು ದಿನ ಯಾರೂ ಬಾರದಿದ್ದ ಮೇಲೆ ನಮ್ಮದರಲ್ಲಿ ಕಳೆ ಬೆಳೆದಿರಲೇಬೇಕೆಂದು ಲೆಕ್ಕ ಹಾಕಿ, ಕಳೆ ತುಂಬಿ ಶಿಲುಬೆ ಬಿದ್ದಿದ್ದ ಒಂದನ್ನು ಹಿಡಿದೆ. ಹುಲ್ಲು ಕಿತ್ತೆ, ಅಂಚಿಗೆ ಸುಣ್ಣ ಬಳಿದೆ. ಕೈ ಆಡುತ್ತಿದ್ದಂತೆ ಬಾಯಿಯೂ ಶುರುವಾಯಿತು. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದನ್ನೂ, ನನ್ನ ಸಾರು ಇನ್ನೂ ಸುಧಾರಿಸದಿದ್ದನ್ನೂ ಅವಳಿಗೆ ಹೇಳಿದೆ. ಅತ್ತೆ ಬಂದು ಹಿಂದೆ ನಿಂತದ್ದು ಗೊತ್ತಾಗಲೇ ಇಲ್ಲ.

ಫಾದರ್ ಒಬ್ಬರು ಪವಿತ್ರ ಜಲ ಚಿಮುಕಿಸುತ್ತ, ಪ್ರತಿ ಸಮಾಧಿಯ ಹೆಸರು ಕೇಳುತ್ತ ಬಂದರು. ಸೆಲೀನಾ ಎಂದೆ.

"ಸೆಲೀನಾ ಆ ಕಡೆ ಇದಾಳೆ ಫಾದರ್," ಎಂದರು ಅತ್ತೆ ಮೆಲ್ಲಗೆ. "ಇದು ಯಾರದೋ. ಇದಕ್ಕೆ ಯಾರೂ ಬರಲ್ಲ."

ಎರಡು ದಿಬ್ಬದಾಚೆ, ಒಂದು ಹುಲ್ಲುಕಡ್ಡಿಯೂ ಇಲ್ಲದ ಸಮಾಧಿ. ಮೀನು ತರುತ್ತೇನೆಂದು ಆಗಾಗ ಶಿವಾಜಿನಗರದ ಮಾರ್ಕೆಟ್ಟಿಗೆ ಹೊರಡುತ್ತಿದ್ದ ಅತ್ತೆ ಮೊದಲು ಎಲ್ಲಿಗೆ ಬರುತ್ತಿದ್ದರೆಂದು ಆಗ ಹೊಳೆಯಿತು. ಆ ಮೀನಿಗೆ ಮುಳ್ಳು ಜಾಸ್ತಿ ಎಂದು ನಾನು ಗೊಣಗುತ್ತಿದ್ದೆ.

ನಾಚಿಕೆಯಿಂದ ಎದ್ದೆ. ಫಾದರ್ ಕದಲಲಿಲ್ಲ. "ಸುಣ್ಣ ಬಳಿದೋರು ನೀವು, ಪ್ರಾರ್ಥನೆನೂ ನೀವೇ ಹೇಳಿ. ಹೆಸರು ದೇವರಿಗೆ ಗೊತ್ತಿರುತ್ತೆ," ಎಂದರು.

ಸೆಲೀನಾಳಿಗಾಗಿ ತೆರೆಯದ ಬಾಯಿ, ಗುರುತಿಲ್ಲದ ಆ ಜೀವಕ್ಕಾಗಿ ತೆರೆಯಿತು. ಇವರಿಗೆ ನೆಮ್ಮದಿ ಕೊಡು ಸ್ವಾಮಿ, ಬೆಳಕು ಕೊಡು ಎಂದೆ. ಹೇಳುತ್ತಿದ್ದಂತೆಯೇ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನಿಸಿತು. ಯಾರೂ ನೆನೆಯದ ಇವರು ಆ ದೇವರ ನೆನಪಿನಲ್ಲಿದ್ದರೆ, ನನ್ನ ಸೆಲೀನಾ ಎಲ್ಲಿ ಕಳೆದುಹೋದಾಳು? ಅವಳ ಬಳಿ ಹೋಗಿ ಮಂಡಿಯೂರಿ ಅದನ್ನೇ ಮತ್ತೆ ಹೇಳಿದೆ, ಅಳುತ್ತಲೇ ಹೇಳಿದೆ.

ಮುಸ್ಸಂಜೆ ಗೇಟಿನಿಂದ ತಿರುಗಿ ನೋಡಿದರೆ ತುಂತುರಿನಲ್ಲಿ ಸಾಲುಸಾಲು ದೀಪ. ಹೊಂಗೆ ಮರದಾಚೆ ನಾವು ಹಚ್ಚಿದ ಎರಡರಲ್ಲಿ ಯಾವುದು ಯಾರದೆಂದು ತಿಳಿಯಲಿಲ್ಲ.

ವಾಪಸು ರೈಲಿನಲ್ಲಿ ಅತ್ತೆ ತೂಕಡಿಸುತ್ತಿದ್ದರು. ಭಾನುವಾರ ಪೂಜೆಗೆ ನನ್ನನ್ನೂ ಎಬ್ಬಿಸಿ ಎಂದೆ. ಅವರು ಕಣ್ಣು ತೆರೆಯದೆಯೇ ನನ್ನ ಕೈ ಹಿಡಿದುಕೊಂಡರು.

"ಎಬ್ಬಿಸ್ತೀನಿ. ಪೂಜೆ ಮುಗಿಸ್ಕೊಂಡು ಹಂಗೇ ಇಬ್ರೂ ಹೋಗಿ ಮೀನು ತರೋಣ."